ಹಾಸನ, ಚಿಕ್ಕಮಗಳೂರಿನ ಹೊಸ ಲೇಖಕರು ಪ್ರಕಾಶಕರನ್ನು ಹುಡುಕಿಕೊಳ್ಳುವ ಬಗೆ

ಪುಸ್ತಕವಾಗಬಲ್ಲಷ್ಟು ಬರವಣಿಗೆ ಕೈಯಲ್ಲಿರುವ ಹೊಸ ಲೇಖಕರು ನಮ್ಮ ಎರಡು ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ಹಸ್ತಪ್ರತಿಯನ್ನು ಯಾವ ಪ್ರಕಾಶಕರಿಗೆ ಕಳುಹಿಸಬೇಕು ಎಂಬುದು ಒಂದು. ಅದಕ್ಕೊಬ್ಬ ಏಜೆಂಟ್, ಅಂದರೆ ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವವರು, ಬೇಕೇ ಎಂಬುದು ಇನ್ನೊಂದು. ಎರಡನೆಯದರ ಉತ್ತರ ಚಿಕ್ಕದಾದ್ದರಿಂದ ಅದನ್ನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಕನ್ನಡದಲ್ಲಿ ಸಾಹಿತ್ಯ ಏಜೆಂಟ್ ಎಂಬ ವೃತ್ತಿ ಬೇರೂರಿಲ್ಲ. 200 ರೂಪಾಯಿ ಮುಖಬೆಲೆಯ ಪುಸ್ತಕದ 1,000 ಪ್ರತಿಗಳು ಮಾರಾಟವಾಗಿ, ಲೇಖಕರಿಗೆ ಶೇಕಡ 10ರ ರಾಯಲ್ಟಿ ಸಂದರೆ ಬರುವ ಮೊತ್ತ 20,000 ರೂಪಾಯಿ; ಅದರಲ್ಲಿ ಏಜೆಂಟರಿಗೆ ಶೇಕಡ 15 ಕೊಟ್ಟರೆ ಅವರ ಕೈಗೆ ಸೇರುವುದು 3,000 ರೂಪಾಯಿ ಮಾತ್ರ. ಮೊದಲ ಪುಸ್ತಕ 1,000 ಪ್ರತಿ ಖರ್ಚಾಗುವುದೇ ಅಪರೂಪವಾಗಿರುವಾಗ ಈ ಆದಾಯವನ್ನು ನಂಬಿ ಯಾರೂ ಕಚೇರಿ ತೆರೆಯಲಾರರು. ಆದ್ದರಿಂದ ಕನ್ನಡದ ಪ್ರಕಾಶಕರು ಲೇಖಕರೊಡನೆ ನೇರವಾಗಿಯೇ ವ್ಯವಹರಿಸುತ್ತಾರೆ. ಇಂಗ್ಲಿಷಿನ ಹಲವು ದೊಡ್ಡ ಸಂಸ್ಥೆಗಳು ಏಜೆಂಟರ ಮೂಲಕ ಬರದ ಹಸ್ತಪ್ರತಿಯನ್ನು ತೆರೆದೂ ನೋಡುವುದಿಲ್ಲ; ಸಕಲೇಶಪುರದಲ್ಲೋ ಕೊಪ್ಪದಲ್ಲೋ ಕುಳಿತ ಅಪರಿಚಿತ ಕನ್ನಡ ಲೇಖಕರಾದರೋ ಪ್ರಕಾಶಕರಿಗೆ ತಾವೇ ಒಂದು ಪತ್ರ ಬರೆಯಬಹುದು. ಆದರೆ ಏಜೆಂಟರು ಮಾಡಬೇಕಾಗಿದ್ದ ಕೆಲಸವೆಲ್ಲ, ಅಂದರೆ ತಕ್ಕ ಪ್ರಕಾಶಕರನ್ನು ಗುರುತಿಸುವುದು, ಹಸ್ತಪ್ರತಿಯನ್ನು ಪರಿಚಯಿಸುವುದು, ಕರಾರಿನ ಮಾತನಾಡುವುದು, ಲೇಖಕರ ಹೆಗಲಿಗೇ ಬೀಳುತ್ತದೆ.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಏಜೆಂಟರ ಕುರಿತ ಕುತೂಹಲ ನಮ್ಮಲ್ಲಿ ಹೆಚ್ಚಿದೆ. ಆ ಪುಸ್ತಕ ಸಾಗಿದ ಕ್ರಮವನ್ನು ಗಮನಿಸಿದರೆ ಏಜೆಂಟರು ಎಲ್ಲಿ ಬೇಕಾಗುತ್ತಾರೆ ಎಂಬುದು ತಿಳಿಯುತ್ತದೆ. ಅದರಲ್ಲಿರುವ 12 ಕತೆಗಳು 1990ರಿಂದ 2023ರ ನಡುವೆ ಕನ್ನಡದಲ್ಲಿ ಬರೆದವು. ಅವುಗಳನ್ನು ಆರಿಸಿ ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು ಆ್ಯಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಸ್ವತಂತ್ರ ಸಂಸ್ಥೆ. 50,000 ಪೌಂಡ್ ಬಹುಮಾನ ಲೇಖಕಿಗೂ ಅನುವಾದಕಿಗೂ ಸಮಪಾಲಾಯಿತು. ಅಂದರೆ ಕನ್ನಡದ ಓದುಗರು ಮೊದಲು, ಅನುವಾದಕರು ಆಮೇಲೆ, ಹೊರಗಿನ ಪ್ರಕಾಶಕರು ಮತ್ತು ಏಜೆಂಟರು ಕೊನೆಗೆ. ಭಾರತದ ಏಜೆಂಟರಲ್ಲಿ ಹೆಚ್ಚಿನವರು ಇಂಗ್ಲಿಷ್ ಬರವಣಿಗೆಯನ್ನೂ ಇಂಗ್ಲಿಷಿಗೆ ಬಂದ ಅನುವಾದಗಳನ್ನೂ ನೋಡಿಕೊಳ್ಳುವವರು. ಕನ್ನಡ ಹಸ್ತಪ್ರತಿಯನ್ನು ನೇರವಾಗಿ ಅವರಿಗೆ ಕಳುಹಿಸಿ ಪ್ರಯೋಜನವಿಲ್ಲ. ಒಳ್ಳೆಯ ಅನುವಾದದ ಎರಡು ಮೂರು ಅಧ್ಯಾಯಗಳು, ಇಡೀ ಕೃತಿಯ ಸಾರಾಂಶ, ಮೂಲ ಕೃತಿಗೆ ಕನ್ನಡದಲ್ಲಿ ಬಂದ ವಿಮರ್ಶೆಗಳ ಪರಿಚಯ, ಇಷ್ಟು ಸಿದ್ಧವಾದಾಗ ಬರೆಯಬಹುದು. ನಿಜವಾದ ಏಜೆಂಟರು ಲೇಖಕರಿಗೆ ಬಂದ ಹಣದಲ್ಲಿ ಪಾಲು ಪಡೆಯುತ್ತಾರೆ. ಅದು ಸಾಮಾನ್ಯವಾಗಿ ದೇಶದೊಳಗಿನ ಒಪ್ಪಂದಕ್ಕೆ ಶೇಕಡ 15, ವಿದೇಶದ್ದಕ್ಕೆ ಶೇಕಡ 20ರ ಆಸುಪಾಸಿನಲ್ಲಿರುತ್ತದೆ. ಹಸ್ತಪ್ರತಿ ಓದಲು ಶುಲ್ಕ, ನೋಂದಣಿಗೆ ಮುಂಗಡ ಎಂದು ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ಮುಗಿಸುವುದು ಕ್ಷೇಮ.

ಇನ್ನು ಪ್ರಕಾಶಕರ ವಿಚಾರ. ಕತೆ, ಕವಿತೆ, ಪ್ರಬಂಧ ಬರೆಯುವವರು ಪುಸ್ತಕದ ಮಾತಿಗೆ ಮುಂಚೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಕನ್ನಡದಲ್ಲಿ ಇಂದಿಗೂ ಬಲವಾದ ದಾರಿ. ಮಯೂರ, ಸುಧಾ, ತುಷಾರ, ತರಂಗದಂತಹ ಪತ್ರಿಕೆಗಳ ಸಂಪಾದಕರು ಒಪ್ಪಿದ ಬರಹವೆಂದರೆ ಪ್ರಕಾಶಕರಿಗೆ ಅದು ಲೇಖಕರ ಮುಖಪರಿಚಯವಿಲ್ಲದವರೊಬ್ಬರು ಓದಿ ನೀಡಿದ ಶಿಫಾರಸಿನಂತೆಯೇ ಸರಿ. ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಮತ್ತು ಕವನಸ್ಪರ್ಧೆಗಳ ಮೂಲಕ ಬೆಳಕಿಗೆ ಬಂದ ಬರಹಗಾರರು ಅನೇಕರು. ಒಂದು ಕತೆಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸಬಾರದು. ಎರಡರಲ್ಲೂ ಅಚ್ಚಾದರೆ ಸಂಪಾದಕರ ವಿಶ್ವಾಸ ಹೋಗುತ್ತದೆ, ಮತ್ತು ಅದು ಬೇಗನೆ ಮರಳಿ ಬರುವಂಥದಲ್ಲ. ಸ್ಪರ್ಧೆಗಳ ನಿಯಮದಲ್ಲಿ ಎಲ್ಲಿಯೂ ಪ್ರಕಟವಾಗಿರಬಾರದು ಎಂಬ ಮಾತಿದ್ದರೆ, ಕತೆಯನ್ನು ಮೊದಲೇ ಫೇಸ್‌ಬುಕ್ಕಿನಲ್ಲಿ ಹಾಕಿಕೊಂಡಿರುವುದೂ ತೊಡಕಾಗಬಹುದು.

ಹಸ್ತಪ್ರತಿಗೇ ಬಹುಮಾನ ಕೊಟ್ಟು ಪುಸ್ತಕ ಮಾಡುವ ಕ್ರಮವೂ ನಮ್ಮಲ್ಲಿದೆ. ಬೆಂಗಳೂರಿನ ಛಂದ ಪುಸ್ತಕ ಹೊಸ ಕತೆಗಾರರಿಗಾಗಿ ಇಂತಹ ಬಹುಮಾನ ನಡೆಸಿಕೊಂಡು ಬಂದಿದೆ. ಸರ್ಕಾರದ ಕಡೆಯಿಂದ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತದೆ. ವಯೋಮಿತಿ, ಪುಟಗಳ ಮಿತಿ, ಕೊನೆಯ ದಿನಾಂಕ ಇವೆಲ್ಲ ಅರ್ಜಿ ಕರೆಯುವ ಪ್ರಕಟಣೆಯಲ್ಲಿ ಇರುತ್ತವೆ. ಪ್ರಕಟಣೆ ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬಂದು ಹೋಗುವುದರಿಂದ, ಪ್ರಾಧಿಕಾರದ ಜಾಲತಾಣವನ್ನು ಆಗಾಗ ನೋಡುವ ರೂಢಿ ಇಟ್ಟುಕೊಂಡರೆ ಅವಕಾಶ ತಪ್ಪುವುದಿಲ್ಲ.

ಪ್ರಕಾಶಕರ ಪಟ್ಟಿ ಮಾಡುವುದು ಹೇಗೆ

ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹಾಸನದ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ತಾವು ಬರೆದ ಪ್ರಕಾರದಲ್ಲಿಯೇ ಕಳೆದ ನಾಲ್ಕೈದು ವರ್ಷಗಳಲ್ಲಿ ಬಂದ ಇಪ್ಪತ್ತು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು, ಕತೆಯನ್ನಲ್ಲ, ಶೀರ್ಷಿಕೆ ಪುಟದ ಹಿಂಬದಿಯನ್ನು ಓದಬೇಕು. ಕನ್ನಡ ಪುಸ್ತಕಗಳ ಆ ಪುಟ ಹಲವು ಸಂಗತಿಗಳನ್ನು ಬಿಚ್ಚಿ ಹೇಳುತ್ತದೆ. ಪ್ರಕಾಶಕರ ಹೆಸರು ಮತ್ತು ವಿಳಾಸ, ಮೊದಲ ಮುದ್ರಣದ ವರ್ಷ, ಅಚ್ಚಾದ ಪ್ರತಿಗಳು, ಪುಟಗಳು, ಬೆಲೆ, 1/8 ಡೆಮಿ ಎಂಬ ಅಳತೆ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಎಂಬ ಕಾಗದ, ಮುಖಪುಟ ಮಾಡಿದವರು, ಮುದ್ರಕರು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಹಕ್ಕುಗಳು ಯಾರವು ಎಂಬ ಸಾಲು. ಈ ಪುಟವನ್ನು ಓದಲು ಕಲಿತವರಿಗೆ ಅರ್ಧ ಏಜೆಂಟರ ವಿದ್ಯೆ ಬಂದಂತೆಯೇ.

ಎರಡನೆಯ, ಮೂರನೆಯ ಮುದ್ರಣ ಎಂದು ಇದ್ದರೆ ಆ ಪ್ರಕಾಶಕರಿಗೆ ಮಾರಾಟದ ಜಾಲವಿದೆ ಎಂದು ತಿಳಿಯಬಹುದು. ಪ್ರಕಾಶನದ ವಿಳಾಸವೂ ಲೇಖಕರ ವಿಳಾಸವೂ ಒಂದೇ ಆಗಿದ್ದರೆ ಅದು ಲೇಖಕರು ಸ್ವತಃ ಹಣ ಹಾಕಿ ತಂದ ಪುಸ್ತಕ. ಮನೆಯವರ ಹೆಸರಿನಲ್ಲಿಯೋ ಮನೆದೇವರ ಹೆಸರಿನಲ್ಲಿಯೋ ಹುಟ್ಟಿದ ಇಂತಹ ಪ್ರಕಾಶನಗಳು ನಮ್ಮ ಜಿಲ್ಲೆಗಳಲ್ಲಿ ಸಾಕಷ್ಟಿವೆ, ಅವುಗಳಲ್ಲಿ ಒಳ್ಳೆಯ ಪುಸ್ತಕಗಳೂ ಬಂದಿವೆ, ಆದರೆ ಬೇರೆಯವರ ಹಸ್ತಪ್ರತಿಗೆ ಅಲ್ಲಿ ಸ್ಥಳವಿರುವುದಿಲ್ಲ. ಒಬ್ಬ ಪ್ರಕಾಶಕರಿಂದ ಹೊಸಬರ ಮೊದಲ ಪುಸ್ತಕಗಳು ಮೂರು ನಾಲ್ಕು ಬಂದಿದ್ದರೆ ಆ ಹೆಸರನ್ನು ಪಟ್ಟಿಯ ಮೇಲ್ತುದಿಯಲ್ಲಿ ಬರೆದುಕೊಳ್ಳಬೇಕು. ಹಕ್ಕುಗಳು ಪ್ರಕಾಶಕರವು ಎಂದು ಸತತವಾಗಿ ಕಂಡರೆ, ಮುಂದೆ ಕರಾರಿನ ಹೊತ್ತಿಗೆ ಏನು ಕೇಳಬೇಕೆಂಬುದು ಈಗಲೇ ಗೊತ್ತಾಗುತ್ತದೆ.

ಪ್ರತಿಯೊಂದು ಸಂಸ್ಥೆಗೂ ಒಂದು ಒಲವಿರುತ್ತದೆ. 1933ರಲ್ಲಿ ಆರಂಭವಾದ ಧಾರವಾಡದ ಮನೋಹರ ಗ್ರಂಥಮಾಲೆ ಸೃಜನಶೀಲ ಸಾಹಿತ್ಯಕ್ಕೂ ನಾಟಕಕ್ಕೂ ಹೆಸರಾದದ್ದು. ಹೆಗ್ಗೋಡಿನ ಅಕ್ಷರ ಪ್ರಕಾಶನ ರಂಗಭೂಮಿ, ವಿಮರ್ಶೆ, ಅನುವಾದ, ವೈಚಾರಿಕ ಬರವಣಿಗೆಗಳ ಕಡೆಗೆ ವಾಲಿದೆ. ನವಕರ್ನಾಟಕದ ಪಟ್ಟಿಯಲ್ಲಿ ವಿಜ್ಞಾನ, ಆರೋಗ್ಯ, ಸಮಾಜಚಿಂತನೆ, ಮಕ್ಕಳ ಪುಸ್ತಕಗಳು ಹೆಚ್ಚು. ಗಾಂಧಿ ಬಜಾರಿನ ಅಂಕಿತ ಪುಸ್ತಕದಲ್ಲಿ ಕತೆ, ಕಾದಂಬರಿ, ಅಂಕಣ ಬರಹಗಳು ಹೆಚ್ಚು. ಸಪ್ನ ಬಹುಮಟ್ಟಿಗೆ ಎಲ್ಲ ಬಗೆಯ ಪುಸ್ತಕಗಳನ್ನೂ ತರುತ್ತದೆ. ಶಿವಮೊಗ್ಗದ ಅಹರ್ನಿಶಿಯಂತಹ ಸಣ್ಣ ಸಂಸ್ಥೆಗಳು ವರ್ಷಕ್ಕೆ ಕೆಲವೇ ಪುಸ್ತಕಗಳನ್ನು, ತಮಗೆ ಮನಸ್ಸೊಪ್ಪಿದವನ್ನು, ಆರಿಸಿ ತರುತ್ತವೆ. ತರೀಕೆರೆ, ಕೊಪ್ಪ, ಶೃಂಗೇರಿಯ ಕಡೆಯವರಿಗೆ ಬೆಂಗಳೂರಿಗಿಂತ ಶಿವಮೊಗ್ಗವೇ ಹತ್ತಿರ. ಆ ದಿಕ್ಕನ್ನು ಅವರು ಮೊದಲು ನೋಡಬಹುದು. ಊರು ದೂರವೆಂಬುದು ಇಲ್ಲಿಯ ಲೇಖಕರಿಗೆ ಎಂದೂ ಅಡ್ಡಿಯಾಗಿಲ್ಲ: ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ಕಾದಂಬರಿಗಳು ಬೆಂಗಳೂರಿನ ಸಾಹಿತ್ಯ ಭಂಡಾರದಿಂದ ಬಂದವು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಮೈಸೂರಿನ ಪುಸ್ತಕ ಪ್ರಕಾಶನದ ಹೆಸರಿನಲ್ಲಿ ಬಂದವು. ಕವನ ಸಂಕಲನದ ವಿಷಯದಲ್ಲಿ ಮಾತ್ರ ಹೆಚ್ಚು ಆಸೆ ತೋರಿಸುವುದು ಸರಿಯಲ್ಲ. ಹೊಸ ಕವಿಗಳ ಸಂಕಲನಕ್ಕೆ ಹಣ ಹೂಡುವ ಪ್ರಕಾಶಕರು ಬಹಳ ಕಡಿಮೆ.

ಪ್ರಕಾಶಕರನ್ನು ಒಂದೇ ಚಪ್ಪರದಡಿ ಕಾಣಬೇಕಾದರೆ ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳಿಗೆ ಹೋಗಬೇಕು. 2015ರಲ್ಲಿ ಅಖಿಲ ಭಾರತ ಸಮ್ಮೇಳನ ಶ್ರವಣಬೆಳಗೊಳದಲ್ಲಿ, ಅಂದರೆ ನಮ್ಮ ಹಿತ್ತಿಲಲ್ಲೇ, ನಡೆದಿತ್ತು. ಜಿಲ್ಲಾ ಮತ್ತು ತಾಲ್ಲೂಕು ಸಮ್ಮೇಳನಗಳಲ್ಲಿಯೂ ಚಿಕ್ಕ ಪ್ರಮಾಣದಲ್ಲಿ ಮಳಿಗೆಗಳಿರುತ್ತವೆ. ಜನ ಕಿಕ್ಕಿರಿದಿರುವಾಗ ಚೀಲದಿಂದ ಹಸ್ತಪ್ರತಿ ತೆಗೆದು ಮಳಿಗೆಯವರ ಕೈಗಿಡುವುದು ಮರ್ಯಾದೆಯೂ ಅಲ್ಲ, ಉಪಯೋಗವೂ ಅಲ್ಲ. ಒಂದು ಪುಸ್ತಕ ಕೊಂಡು, ಹಸ್ತಪ್ರತಿಗಳನ್ನು ಯಾರು ಓದುತ್ತಾರೆ, ಯಾವ ತಿಂಗಳಲ್ಲಿ ಕಳುಹಿಸಿದರೆ ಅನುಕೂಲ ಎಂದು ಕೇಳಿ ಬಂದರೆ ಸಾಕು.

ಹಸ್ತಪ್ರತಿ ಮತ್ತು ಪತ್ರ

ಈಗ ಹಸ್ತಪ್ರತಿ ಎಂದರೆ ಬಹುಪಾಲು ಕಂಪ್ಯೂಟರಿನ ಕಡತವೇ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಅಕ್ಷರಗಳಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನಪಲ್ಲಟವಾಗುವುದುಂಟು. ಆದ್ದರಿಂದ ಪರಿವರ್ತನೆಯಾದ ಮೇಲೆ ಮತ್ತೊಮ್ಮೆ ಪೂರ್ತಿ ಓದಿಯೇ ಕಳುಹಿಸಬೇಕು. ವರ್ಡ್ ಕಡತದ ಜೊತೆಗೆ ಪಿಡಿಎಫ್ ಪ್ರತಿಯನ್ನೂ ಇಟ್ಟರೆ ಪ್ರಕಾಶಕರ ಕಂಪ್ಯೂಟರಿನಲ್ಲಿ ಅಕ್ಷರ ಕೆಟ್ಟರೂ ಓದಲು ಅಡ್ಡಿಯಾಗದು. ಡೆಮಿ ಅಳತೆಯ ಒಂದು ಪುಟಕ್ಕೆ ಸುಮಾರು 200 ಪದ ಎಂದು ಹಿಡಿದರೆ, 30,000 ಪದಗಳ ಕಾದಂಬರಿ 150 ಪುಟವಾಗುತ್ತದೆ. ಬೆಲೆಯನ್ನೂ ಖರ್ಚನ್ನೂ ಅಂದಾಜು ಮಾಡಲು ಪ್ರಕಾಶಕರು ಮೊದಲು ಕೇಳುವ ಸಂಖ್ಯೆ ಇದೇ.

ನಮ್ಮ ಕಡೆಯ ಬರಹಕ್ಕೆ ಇನ್ನೊಂದು ಎಚ್ಚರ ಬೇಕು. ಲೈನುಮನೆ, ಮೇಸ್ತ್ರಿ, ಪಲ್ಪರ್, ಕಣ ಎಂಬ ಕಾಫಿ ತೋಟದ ಮಾತುಗಳನ್ನೋ, ಅರಸೀಕೆರೆಯ ಬಯಲುಸೀಮೆಯ ಆಡುನುಡಿಯನ್ನೋ ಬಳಸಿದ್ದರೆ, ಕರಡು ತಿದ್ದುವವರು ಅವನ್ನು ತಪ್ಪೆಂದು ಭಾವಿಸಿ ಗ್ರಂಥಭಾಷೆಗೆ ತಿದ್ದಿಬಿಡಬಹುದು. ಒಂದು ಪದವನ್ನು ಪುಸ್ತಕದುದ್ದಕ್ಕೂ ಒಂದೇ ರೀತಿಯಲ್ಲಿ ಬರೆದು, ಇವು ಉದ್ದೇಶಪೂರ್ವಕವಾಗಿ ಬಳಸಿದ ರೂಪಗಳು ಎಂದು ಪ್ರತ್ಯೇಕ ಹಾಳೆಯಲ್ಲಿ ಪಟ್ಟಿ ಕೊಟ್ಟರೆ ಆ ಅಪಾಯ ತಪ್ಪುತ್ತದೆ.

ಜೊತೆಗಿರುವ ಪತ್ರ ಒಂದು ಪುಟ ಮೀರಬಾರದು. ಅದರ ಒಕ್ಕಣೆ ಹೀಗಿರಬಹುದು: "ಮಾನ್ಯರೇ, ನಾನು ಬೇಲೂರು ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿ. ಇದರೊಂದಿಗೆ ಹನ್ನೊಂದು ಕತೆಗಳ ಹಸ್ತಪ್ರತಿಯನ್ನು ಕಳುಹಿಸುತ್ತಿದ್ದೇನೆ. ಒಟ್ಟು 28,000 ಪದಗಳಿವೆ. ಇವುಗಳಲ್ಲಿ ಮೂರು ಕತೆಗಳು ಮಾಸಪತ್ರಿಕೆಗಳಲ್ಲಿ ಪ್ರಕಟವಾಗಿವೆ; ವಿವರಗಳನ್ನು ಲಗತ್ತಿಸಿದ್ದೇನೆ. ಏಲಕ್ಕಿ ತೋಟಗಳು ಕಾಫಿ ತೋಟಗಳಾಗಿ ಬದಲಾದ ಕಾಲದ ಹೆಣ್ಣುಮಕ್ಕಳ ಬದುಕು ಈ ಕತೆಗಳ ವಸ್ತು. ತಾವು ಪ್ರಕಟಿಸಿರುವ ಹೊಸ ಕತೆಗಾರರ ಸಂಕಲನಗಳನ್ನು ಓದಿದ್ದೇನೆ. ನನ್ನ ಬರಹ ತಮ್ಮ ಪ್ರಕಾಶನಕ್ಕೆ ಹೊಂದಬಹುದೆಂಬ ಭಾವನೆಯಿಂದ ಇದನ್ನು ಕಳುಹಿಸಿದ್ದೇನೆ. ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ವಿನಂತಿ." ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಬಾಲ್ಯದಿಂದಲೂ ಬರೆಯುವ ಹವ್ಯಾಸವಿತ್ತೆಂಬುದು, ಸ್ನೇಹಿತರೆಲ್ಲ ಮೆಚ್ಚಿದರೆಂಬುದು ಪತ್ರದಲ್ಲಿ ಬಂದರೆ ಓದುವವರು ಬೇಗ ಬೇಸರಪಡುತ್ತಾರೆ.

ಪ್ರಕಾಶಕರು ಒಪ್ಪುವುದಕ್ಕೂ ಮೊದಲೇ ಹಿರಿಯ ಸಾಹಿತಿಗಳ ಮನೆಗೆ ಅಲೆದು ಮುನ್ನುಡಿ ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ನನ್ನ ಅಭಿಪ್ರಾಯದಲ್ಲಿ ಅದು ಕಾಲಹರಣ. ಹಸ್ತಪ್ರತಿಯನ್ನು ಒಪ್ಪುವವರು ಮುನ್ನುಡಿಯಿಲ್ಲದೆಯೂ ಒಪ್ಪುತ್ತಾರೆ. ಮುನ್ನುಡಿಯೋ ಬೆನ್ನುಡಿಯೋ ಬೇಕೆನಿಸಿದರೆ ಯಾರಿಂದ ಬರೆಸಬೇಕೆಂದು ಅವರೇ ಸೂಚಿಸುತ್ತಾರೆ.

ಪತ್ರ ತಲುಪಿದೆಯೇ ಎಂದು ಎರಡು ವಾರಗಳ ನಂತರ ಒಮ್ಮೆ ವಿಚಾರಿಸಿ, ಮೂರು ತಿಂಗಳು ಸುಮ್ಮನಿರುವುದು ಲೇಸು. ಕನ್ನಡದ ಹಲವು ಪ್ರಕಾಶನಗಳಲ್ಲಿ ಹಸ್ತಪ್ರತಿ ಓದುವವರು, ಮುದ್ರಣ ನೋಡಿಕೊಳ್ಳುವವರು, ಪಾರ್ಸೆಲ್ ಕಟ್ಟುವವರು ಎಲ್ಲರೂ ಒಬ್ಬರೇ. ಮೂರು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಹಸ್ತಪ್ರತಿಯನ್ನು ಬೇರೆಯವರಿಗೆ ಕಳುಹಿಸುತ್ತಿರುವುದಾಗಿ ಒಂದು ಸಾಲು ತಿಳಿಸಿ ಪಟ್ಟಿಯ ಮುಂದಿನ ಹೆಸರಿಗೆ ಹೋಗಬೇಕು.

ಹಣ ಮತ್ತು ಕರಾರು

ಒಪ್ಪಿಗೆ ಬಂದ ದಿನ ಸಂತೋಷದಲ್ಲಿ ಎಲ್ಲದಕ್ಕೂ ಹೂಂ ಎಂದುಬಿಡುವುದು ಸಹಜ. ಪ್ರಕಾಶಕರು ಪೂರ್ತಿ ಹಣ ಹೂಡಿ ಮುಖಬೆಲೆಯ ಶೇಕಡ 10ರ ಆಸುಪಾಸಿನ ರಾಯಲ್ಟಿ ಕೊಡುವುದು ಒಂದು ಕ್ರಮ. ರಾಯಲ್ಟಿಯ ಬದಲಿಗೆ ಒಂದಷ್ಟು ಪ್ರತಿಗಳನ್ನು ಕೊಡುವುದು ಮತ್ತೊಂದು. ಮೊದಲ ಪುಸ್ತಕಕ್ಕೆ ಇದು ಬಹಳ ಸಾಮಾನ್ಯ, ಮತ್ತು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಿದರೆ ಅನ್ಯಾಯವೂ ಅಲ್ಲ. ಲೇಖಕರೇ ಇನ್ನೂರು ಮುನ್ನೂರು ಪ್ರತಿಗಳನ್ನು ಕೊಳ್ಳಬೇಕೆಂಬ ಷರತ್ತು ಮೂರನೆಯದು. ಪೂರ್ತಿ ಖರ್ಚು ಲೇಖಕರದೇ ಆಗಿ ಹೆಸರು ಮಾತ್ರ ಪ್ರಕಾಶಕರದಾಗಿರುವುದು ಕೊನೆಯದು. ಇದನ್ನು ಈಗ ಪ್ಯಾಕೇಜ್ ಎಂಬ ಹೆಸರಿನಲ್ಲಿ ಮಾರುವವರಿದ್ದಾರೆ. ಕೊನೆಯ ಎರಡು ಬಗೆಗಳಲ್ಲಿ ಹಣ ಕೊಡುವ ಮುನ್ನ ಒಂದು ಕೆಲಸ ಮಾಡಬೇಕು: ಹಾಸನದಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ಇರುವ ಮುದ್ರಣಾಲಯಕ್ಕೆ ಹೋಗಿ, ಅದೇ ಅಳತೆ, ಅದೇ ಕಾಗದ, ಅಷ್ಟೇ ಪ್ರತಿಗಳಿಗೆ ದರಪಟ್ಟಿ ಕೇಳಬೇಕು. ಮುದ್ರಕರು ಲೆಕ್ಕ ಹಾಕುವುದು ಫಾರಂಗಳಲ್ಲಿ. ಡೆಮಿ ಅಳತೆಯಲ್ಲಿ 16 ಪುಟಕ್ಕೆ ಒಂದು ಫಾರಂ ಎಂದರೆ 160 ಪುಟಗಳ ಪುಸ್ತಕ ಹತ್ತು ಫಾರಂ ಆಗುತ್ತದೆ. ಆ ದರಕ್ಕೂ ಪ್ರಕಾಶಕರು ಕೇಳಿದ ಮೊತ್ತಕ್ಕೂ ಇರುವ ಅಂತರಕ್ಕೆ ಪ್ರತಿಯಾಗಿ ಏನು ಸಿಗುತ್ತದೆ, ಅಂದರೆ ಸಂಪಾದನೆಯೇ, ಮುಖಪುಟವೇ, ಅಂಗಡಿಗಳಿಗೆ ವಿತರಣೆಯೇ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ. ಮುದ್ರಿತ ಪ್ರತಿಗಳು ಯಾರ ಮನೆಯಲ್ಲಿರುತ್ತವೆ ಎಂಬುದನ್ನೂ ಕೇಳಬೇಕು, ಏಕೆಂದರೆ ವಿತರಣೆಯಿಲ್ಲದ 500 ಪ್ರತಿಗಳು ಕೊನೆಗೆ ಬಂದು ಬೀಳುವುದು ಲೇಖಕರ ಅಟ್ಟಕ್ಕೇ.

ಕೃತಿಸ್ವಾಮ್ಯದ ಬಗ್ಗೆ ಅನಗತ್ಯ ಭಯವೂ ಇದೆ, ಅನಗತ್ಯ ಉದಾಸೀನವೂ ಇದೆ. 1957ರ ಕಾಯಿದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು. ಅದು ಲೇಖಕರ ಜೀವಿತಕಾಲವಿಡೀ ಮತ್ತು ಅವರ ನಂತರ 60 ವರ್ಷ ಉಳಿಯುತ್ತದೆ. ದೆಹಲಿಯ ಕೃತಿಸ್ವಾಮ್ಯ ಕಚೇರಿಯಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ನೋಂದಣಿ ಮಾಡಿಸಬಹುದು, ಆದರೆ ಅದು ಕಡ್ಡಾಯವಲ್ಲ. ಹಕ್ಕನ್ನು ವರ್ಗಾಯಿಸುವುದಾದರೆ ಮಾತ್ರ ಅದೇ ಕಾಯಿದೆಯ 19ನೆಯ ವಿಧಿಯಂತೆ ಬರಹದಲ್ಲಿ, ಲೇಖಕರ ಸಹಿಯೊಡನೆ ಆಗಬೇಕು. ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದು, ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದು ಕಾನೂನು ಭಾವಿಸುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸಿಕೊಳ್ಳದೆ ಹೋದರೆ ಆ ವರ್ಗಾವಣೆ ಬಿದ್ದುಹೋಗುತ್ತದೆ. ನಮ್ಮಲ್ಲಿ ಅನೇಕ ಪುಸ್ತಕಗಳು ಬಾಯಿಮಾತಿನ ಒಪ್ಪಂದದಲ್ಲಿಯೇ ಬರುತ್ತವೆ. ಛಾಪಾ ಕಾಗದದ ಕರಾರು ಕೇಳಿದರೆ ಪ್ರಕಾಶಕರು ಬೇಸರಿಸಬಹುದೆಂಬ ಅಳುಕಿರುವವರು, ಫೋನಿನಲ್ಲಿ ಆದ ಮಾತುಕತೆಯನ್ನು ಇಮೇಲಿನಲ್ಲಿ ಬರೆದು, ಇದು ಸರಿಯೇ ಎಂದು ಕೇಳಿ ಉತ್ತರ ತರಿಸಿಕೊಳ್ಳಬಹುದು: ಮೊದಲ ಮುದ್ರಣ ಎಷ್ಟು ಪ್ರತಿ, ರಾಯಲ್ಟಿ ಎಷ್ಟು ಮತ್ತು ವರ್ಷದ ಯಾವ ತಿಂಗಳಲ್ಲಿ ಲೆಕ್ಕ, ಲೇಖಕರ ಪ್ರತಿಗಳೆಷ್ಟು, ಒಪ್ಪಿಗೆ ಕೊಟ್ಟದ್ದು ಕನ್ನಡ ಮುದ್ರಿತ ಪುಸ್ತಕಕ್ಕೆ ಮಾತ್ರವೇ. ಈ ಕೊನೆಯ ಅಂಶದಲ್ಲಿ ಬಿಗಿಯಾಗಿರಬೇಕು. ಅನುವಾದ, ಸಿನಿಮಾ, ಧಾರಾವಾಹಿ, ಆಡಿಯೊ ಪುಸ್ತಕದ ಹಕ್ಕುಗಳನ್ನು ಕೈಯಲ್ಲಿಟ್ಟುಕೊಂಡ ಲೇಖಕರಿಗೆ ಮಾತ್ರ ಮುಂದೊಂದು ದಿನ ಅನುವಾದಕರೊಡನೆ ಅಥವಾ ಏಜೆಂಟರೊಡನೆ ಸ್ವತಂತ್ರವಾಗಿ ಮಾತನಾಡಲು ಸಾಧ್ಯ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶಕರ ವ್ಯವಹಾರದ ಒಂದು ಕಂಬ. ಅದರ ಹಣ ತಡವಾಗಿ ಬರುವುದರಿಂದ, ಆ ಪ್ರತಿಗಳಿಗೂ ರಾಯಲ್ಟಿ ಸಲ್ಲುತ್ತದೆಯೇ, ಸಲ್ಲುವುದಾದರೆ ಯಾವಾಗ ಎಂಬುದನ್ನು ಇದೇ ಇಮೇಲಿನಲ್ಲಿ ಸೇರಿಸಿಬಿಡುವುದು ಜಾಣತನ.

ಯಾರೂ ಒಪ್ಪದೆ, ತಾವೇ ಪ್ರಕಟಿಸುವ ನಿರ್ಧಾರಕ್ಕೆ ಬಂದವರಿಗೆ ಎರಡು ಸಂಗತಿಗಳು ತಿಳಿದಿರಬೇಕು. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರಾಯಿತು, ಮಧ್ಯವರ್ತಿಗಳಿಗೆ ಹಣ ಕೊಡಬೇಕಾಗಿಲ್ಲ. ಹಾಗೆಯೇ 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ, ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ಕಳುಹಿಸುವುದು ಪ್ರಕಾಶಕರ, ಅಂದರೆ ಈಗ ಲೇಖಕರದೇ, ಕರ್ತವ್ಯ. ಅಂಗಡಿಯವರು ಸಾಮಾನ್ಯವಾಗಿ ಮುಖಬೆಲೆಯ ಮೂರನೆಯ ಒಂದು ಭಾಗದಷ್ಟು ಅಥವಾ ಇನ್ನೂ ಹೆಚ್ಚು ರಿಯಾಯಿತಿ ಕೇಳುವುದರಿಂದ ಬೆಲೆ ಇಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಮುದ್ರಣದ ಖರ್ಚೇ ಹೊರೆಯೆನಿಸಿದರೆ ಮೈಲ್ಯಾಂಗ್‌ನಂತಹ ಕನ್ನಡದ ಇ-ಪುಸ್ತಕ ವೇದಿಕೆಗಳಿವೆ.

ಪುಸ್ತಕ ಹೊರಬಂದ ವರ್ಷದಲ್ಲಿಯೇ ಮಾಡಿ ಮುಗಿಸಬೇಕಾದ ಇನ್ನೊಂದು ಕೆಲಸವಿದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನಗಳಿಗೂ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿಗಳಿಗೂ ಪುಸ್ತಕಗಳನ್ನು ಆಯಾ ವರ್ಷದ ಲೆಕ್ಕದಲ್ಲಿ ಪರಿಗಣಿಸಲಾಗುತ್ತದೆ. ದತ್ತಿಗಳಲ್ಲಿ ಕೆಲವು ಮೊದಲ ಕೃತಿಗೆ, ಕೆಲವು ಲೇಖಕಿಯರಿಗೆ, ಕೆಲವು ನಿರ್ದಿಷ್ಟ ಪ್ರಕಾರಕ್ಕೆ ಮೀಸಲು. ಪ್ರತಿಗಳನ್ನು ಪ್ರಕಾಶಕರು ಕಳುಹಿಸುತ್ತಾರೆಂದು ಲೇಖಕರೂ, ಲೇಖಕರು ಕಳುಹಿಸುತ್ತಾರೆಂದು ಪ್ರಕಾಶಕರೂ ಸುಮ್ಮನಿದ್ದು ಕೊನೆಯ ದಿನಾಂಕ ಕಳೆದುಹೋಗುವುದು ಸಾಮಾನ್ಯವಾದ್ದರಿಂದ, ಈ ಕೆಲಸ ಯಾರದೆಂಬುದನ್ನು ಬಿಡುಗಡೆಯ ದಿನಾಂಕ ಗೊತ್ತುಮಾಡುವಾಗಲೇ ಮಾತನಾಡಿಕೊಂಡು, ಪ್ರಕಟಣೆಯಲ್ಲಿ ಕೇಳುವಷ್ಟು ಪ್ರತಿಗಳನ್ನು ಮಾರಾಟಕ್ಕೆ ಕೊಡದೆ ತೆಗೆದಿಟ್ಟುಕೊಳ್ಳಬೇಕು.